ಸಂಪಿನೊಳಗೆ ಇಳಿಸಿದ ಎಂಜಿನ್

ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಸಂಪಿನ ಒಳಗಿನಿಂದ ಬರುತ್ತಿದ್ದ ಮಾತು ನಿಂತಿತು. ಹೊತ್ತು ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ತಂಗಿಯನ್ನು ಕರೆತರಲು ಐದಕ್ಕೆ ಗದಗ ಸ್ಟೇಷನ್ನಿಗೆ ಹೋಗಬೇಕಿತ್ತು, ಅದಕ್ಕೆ ಆಗಷ್ಟೇ ಕೈಗಡಿಯಾರ ನೋಡಿದ್ದೆ. ತಲೆ ಎತ್ತಿದಾಗ ಎಂಜಿನ್ನಿನ ಸದ್ದು ಮಾತ್ರ ಇತ್ತು.

ನಮ್ಮದು ಬೆಟಗೇರಿ ಕಡೆಯ ಸಣ್ಣ ಬಡಾವಣೆ. ನಳದ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ಹಾಗಾಗಿ ಎಲ್ಲ ಮನೆಗಳಿಗೂ ಸೇರಿ ಒಂದು ದೊಡ್ಡ ಸಂಪು ಕಟ್ಟಿಸಿದ್ದೇವೆ, ಅದನ್ನು ನೋಡಿಕೊಳ್ಳಲು ಒಂದು ಸಂಘ. ಸಂಘದಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿಯೊಂದಿತ್ತು. ಮನೆ ಮಾಲಕರು ತಿಂಗಳ ಚಂದಾ ಕೊಡಬೇಕು. ಬಾಡಿಗೆಯವರಿಗೆ ಚಂದಾ ಮಾಫಿ, ಬದಲಿಗೆ ಅವರು ಮೈಮುರಿದು ದುಡಿಯಬೇಕು: ಗಟಾರ ಬಳಿಯುವುದು, ಸಂಪು ತೊಳೆಯುವುದು. ಇದನ್ನು ನಾವು ದೊಡ್ಡ ಉಪಕಾರವೆಂದೇ ತಿಳಿದಿದ್ದೆವು. ಮೀಟಿಂಗಿಗೆ ಮಾತ್ರ ಅವರನ್ನು ಕರೆಯುತ್ತಿರಲಿಲ್ಲ. "ಇವತ್ತ ಇದ್ದು ನಾಳಿ ಬಿಟ್ಟು ಹೋಗೋ ಮಂದಿ, ಅವರಿಗೇನ ಕೇಳೂದು?" ಎನ್ನುತ್ತಿದ್ದರು ಅಧ್ಯಕ್ಷರು. ಅವರು ರಿಟೈರಾದ ಶಾಲಾ ಮಾಸ್ತರು. ಡಿಗ್ರಿ ಓದಿದವಳೆಂದು ನನ್ನನ್ನು ಆ ವರ್ಷ ಕಾರ್ಯದರ್ಶಿ ಮಾಡಿದ್ದರು.

ಮರುದಿನ ನೀರು ಬಿಡುತ್ತಾರೆಂದು ಖಬರು ಬಂದಿತ್ತು. ಅಷ್ಟರಲ್ಲಿ ಸಂಪಿನ ಹಳೆ ನೀರು, ರಾಡಿ ಎಲ್ಲ ತೆಗೆದು ತೊಳೆಯಬೇಕು. ಬೆಳಿಗ್ಗೆಯಿಂದ ಕರೆಂಟಿಲ್ಲ. ಹೊಂಬಳದಲ್ಲಿ ಹೊಲವಿರುವ ನಮ್ಮ ಎದುರು ಮನೆಯ ಕಾಕಾ, ಹಳ್ಳದ ನೀರೆತ್ತುವ ತಮ್ಮ ಪೆಟ್ರೋಲ್ ಎಂಜಿನ್ನನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಮೇಲೆ ಇಟ್ಟರೆ ಪೈಪು ತಳಕ್ಕೆ ಮುಟ್ಟಲಿಲ್ಲ. ಹೊಲದಲ್ಲಾದರೆ ಎಂಜಿನ್ನನ್ನು ಹಳ್ಳದ ದಂಡೆಗಿಳಿಸಿ ನೀರಿನ ಪಕ್ಕದಲ್ಲೇ ಇಡುತ್ತಾರೆ. ಇಲ್ಲೂ ಹಾಗೇ ಮಾಡಿದರು. ಹಗ್ಗ ಕಟ್ಟಿ ಸಂಪಿನ ಒಳಗಿನ ಕಟ್ಟೆಯ ಮೇಲೆ ಇಳಿಸಿ ಚಾಲೂ ಮಾಡಿದರು.

ಇದು ಸರಿಯೇ ಎಂದು ಕೇಳಿದವರು ಒಬ್ಬರೇ. ನಮ್ಮ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ, ಬಟ್ಟೆ ಹೊಲಿಯುವ ಭಾಭಿ. ಅವರ ಗಂಡ ಗದುಗಿನ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕೆಲಸಕ್ಕಿದ್ದರು. ಅವತ್ತು ಸಂಪಿಗೆ ಇಳಿಯುವ ಪಾಳಿ ಆ ಗಂಡನದು.

"ಅಲ್ರೀ ಕಾಕಾ, ಹೊಗಿ ಎಲ್ಲಿ ಹೋಕ್ಕೈತಿ?"

"ಮ್ಯಾಲ ಬಾಯಿ ತಗದೈತಲ್ಲವಾ. ಹೊಗಿಗೇನ ನೀ ದಾರಿ ತೋರಸಬೇಕೇನು?"

ಎಲ್ಲರೂ ನಕ್ಕರು. "ಭಾಭಿ, ನೀವು ಚಾ ನೋಡ್ರಿ," ಎಂದರು ಮಾಸ್ತರು.

ಸ್ವಲ್ಪ ಹೊತ್ತಿಗೆ ನೀರು ಎಳೆಯುವುದು ಕಡಿಮೆಯಾಯಿತು. ಪೈಪಿನ ಬಾಯಿಗೆ ರಾಡಿ ಸಿಕ್ಕಿರಬೇಕೆಂದು ಭಾಭಿಯ ಗಂಡ ಇಳಿದರು. ನಗಿಸುವ ಮನುಷ್ಯ. "ಮಾಸ್ತರ, ಇಲ್ಲಿ ಭಾಳ ತಂಪೈತ್ರಿ. ಮುಂದಿನ ಮೀಟಿಂಗ್ ಇಲ್ಲೇ ಇಡ್ರಿ!" ಎಂದು ಒಳಗಿನಿಂದ ಕೂಗಿದರು. ಆಮೇಲೆ "ತಲಿ ಗಿಂವ್ ಅನ್ನಾಕತ್ತೈತಿ" ಎಂದರು. ಆಮೇಲೆ ಏನೂ ಇಲ್ಲ.

ಬಗ್ಗಿ ನೋಡಿದರೆ ಗೋಡೆಗೊರಗಿ ಕುಳಿತಿದ್ದರು, ಮೊಣಕಾಲವರೆಗೆ ರಾಡಿನೀರು. ಅಲ್ಲೇ ನಿಂತಿದ್ದ ಅವರ ತಮ್ಮ ಚಪ್ಪಲಿ ಬಿಟ್ಟು ಕಾಲು ಇಳಿಬಿಟ್ಟೇ ಬಿಟ್ಟ. ಭಾಭಿ ಓಡಿ ಬಂದು ಅವನ ಕಾಲರು ಹಿಡಿದು ಹಿಂದಕ್ಕೆ ಕೆಡವಿದರು.

"ಬಿಡ್ರಿ ಭಾಭಿ!"

"ನೀನೂ ಇಳದ್ರ ಇಬ್ಬರನ್ನ ಎಲ್ಲಿಂದ ತರ್ಲಿ? ಮದ್ಲ ಆ ಎಂಜಿನ್ ಎಳೀರಿ! ನಿಂತು ಏನ ನೋಡಾಕತ್ತೀರಿ?"

ಎಂಜಿನ್ನಿಗೆ ಕಟ್ಟಿದ ಹಗ್ಗದ ತುದಿ ಮೇಲೇ ಇತ್ತು. ಕಾಕಾ, ಮಾಸ್ತರು, ಆ ತಮ್ಮ ಸೇರಿ, ಓಡುತ್ತಿದ್ದ ಎಂಜಿನ್ನನ್ನು ಹಾಗೇ ಎಳೆದು ಮೇಲೆ ತಂದು ಆರಿಸಿದರು. ಕಾಕಾನ ಅಂಗೈ ಸುಟ್ಟಿತು. ನಾನು ಟ್ರ್ಯಾಕ್ಟರಿನಲ್ಲಿದ್ದ ಇನ್ನೊಂದು ಹಗ್ಗ ತಂದೆ. ಕುಣಿಕೆ ಹಾಕಿ ಇಳಿಬಿಟ್ಟೆವು. ಭಾಭಿ ಹೊಟ್ಟೆಯ ಮೇಲೆ ಮಲಗಿ ಒಳಗೆ ತಲೆ ಹಾಕಿ ಕೂಗಿದರು: "ಕೈ ಎತ್ರಿ! ನಾ ಹೇಳಾಕತ್ತೇನಿ, ಕೈ ಎತ್ರಿ!"

ಅವರು ಕೈ ಎತ್ತಿದರು. ನಿದ್ದೆಗಣ್ಣಿನಲ್ಲಿ ಸೊಳ್ಳೆ ಓಡಿಸುವವರ ಹಾಗೆ, ನಿಧಾನಕ್ಕೆ. ಕುಣಿಕೆ ಮೊಣಕೈಗೆ ಬಿದ್ದು ಜಾರಿತು. ಮತ್ತೆ ಬಿಟ್ಟೆವು. ಈ ಸಲ ಕಂಕುಳಿಗೆ ಹೋಯಿತು. ಎಳೆದೆವು.

ಅದೇ ಟ್ರ್ಯಾಕ್ಟರಿನಲ್ಲಿ ದವಾಖಾನೆಗೆ ಒಯ್ದೆವು. ದಾರಿಯಲ್ಲಿ ವಾಂತಿ ಮಾಡಿಕೊಂಡರು. ಅಲ್ಲಿ ಮೂಗಿಗೆ ಆಕ್ಸಿಜನ್ ಹಚ್ಚಿದರು. ಡಾಕ್ಟರು ನಮ್ಮನ್ನೆಲ್ಲ ಒಮ್ಮೆ ನೋಡಿ, "ಎಂಜಿನ್ ಒಳಗ ಇಟ್ಟಿದ್ರಾ?" ಎಂದು ಕೇಳಿದರು. ಕೆಲವು ದಿನಗಳಲ್ಲಿ ಭಾಭಿಯ ಗಂಡ ಮನೆಗೆ ಬಂದರು, ಆದರೆ ಬಹಳ ದಿನ ತಲೆನೋವೆಂದು ಹಣೆ ಹಿಡಿದುಕೊಂಡೇ ಇರುತ್ತಿದ್ದರು.

ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಆ ಕೈ. ಅದು ಏಳದಿದ್ದರೆ? ಕಾಲರು ಹರಿದು ತಮ್ಮ ಒಳಗೆ ಬಿದ್ದಿದ್ದರೆ? ಕುಣಿಕೆ ಮತ್ತೊಮ್ಮೆ ಜಾರಿದ್ದರೆ? ಓಣಿಯಲ್ಲಿ ಯಾರದೋ ಬೈಕು ಚಾಲೂ ಆದರೂ ಎದ್ದು ಕೂರುತ್ತಿದ್ದೆ. ಭಾಭಿಯೂ ರಾತ್ರಿಯೆಲ್ಲ ಗಂಡನ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಾರೆಂದು ಅವರ ಮೈದುನ ಹೇಳಿದ.

ಮುಂದಿನ ಮೀಟಿಂಗಿಗೆ ನಾನು ಬಾಡಿಗೆಯವರನ್ನೆಲ್ಲ ಕರೆದೆ. ಮಾಸ್ತರರಿಗೆ ಸಿಟ್ಟು ಬಂತು. "ಇದು ಮಾಲಕರ ಸಂಘರೀ. ಹಿಂಗ ಎಲ್ಲಾರನೂ ಕರದ್ರ ಸಂತಿ ಆಕ್ಕೈತಿ."

"ಆಗಲಿ ಬಿಡ್ರಿ ಸರ್. ಇಳಿಯೂ ಮನಷ್ಯಾಗ 'ಒಲ್ಲೆ' ಅನ್ನೂ ಹಕ್ಕು ಬ್ಯಾಡೇನ್ರಿ?" ಎಂದೆ.

ಮೂರು ಮಾತು ಮುಂದಿಟ್ಟೆ. ಬಾಡಿಗೆಯವರೂ ಚಂದಾ ಕೊಡಲಿ, ಅವರಿಗೂ ಮಾತು, ಮತ ಇರಲಿ. ಸಂಪಿಗೆ ನಮ್ಮಲ್ಲಿ ಯಾರೂ ಇಳಿಯಬಾರದು, ಸಲಕರಣೆ ಇರುವ ಕೆಲಸದವರನ್ನು ಹೊರಗಿನಿಂದ ಕರೆಸಬೇಕು. ಕೆಲಸ ನಡೆದಾಗ ಯಾರೇ ಆಗಲಿ 'ನಿಲ್ಲಸ್ರಿ' ಎಂದರೆ ಮೊದಲು ನಿಲ್ಲಿಸಬೇಕು, ಆಮೇಲೆ ಯಾಕೆಂದು ಕೇಳಬೇಕು.

ಕಾಕಾ ಪಟ್ಟಿ ಕಟ್ಟಿದ ಕೈ ಎತ್ತಿದರು. "ನಮ್ಮನಿ ಮುದಿಕಿ ದಿನಾ ನನಗ ನಿಲ್ಲಸು ಅಂತಾಳ. ಆಕಿ ಅಂದ್ರೂ ನಿಲ್ಲಸಬೇಕೇನ್ರಿ?"

"ಆಕೀನ ಮದ್ಲ," ಎಂದರು ಭಾಭಿ ಹಿಂದಿನಿಂದ. ಕಾಕಾ ತಿರುಗಿ ನೋಡಿ ತಲೆ ತಗ್ಗಿಸಿ, "ಖರೆ ಐತಿ ತಂಗಿ," ಎಂದರು. ಮಾಸ್ತರು "ಆತು" ಎಂದಷ್ಟೇ ಹೇಳಿದರು. ಮಾಲಕರಲ್ಲಿ ಕೆಲವರು ಎದ್ದು ಹೋದರು. ಅವರಲ್ಲೊಬ್ಬರು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ.

ಒಪ್ಪಿದ್ದು ಬಾಯಿಮಾತು. ನಡೆಯುತ್ತದೋ ಇಲ್ಲವೋ ಎಂಬ ಅಂಜಿಕೆ ಮುಂದಿನ ತೊಳೆಯುವ ದಿನದವರೆಗೂ ನನ್ನನ್ನು ಬಿಡಲಿಲ್ಲ.

ಆ ದಿನವೂ ಬಂತು. ಕರೆಂಟ್ ಪಂಪು ಮೇಲಿನಿಂದಲೇ ನೀರೆಳೆಯಿತು. ತಳದಲ್ಲಿ ರಾಡಿ ಉಳಿಯಿತು. ಅದನ್ನು ತೆಗೆಯಬೇಕಾದ ಕೆಲಸದವರು ಮುಂಡರಗಿಯಿಂದ ಬರಬೇಕು, ಬರಲಿಲ್ಲ. ಸಂಜೆಗೇ ನೀರು ಬಿಡುತ್ತಾರಂತೆ. ಎಲ್ಲರ ಮುಖದಲ್ಲಿ ಗಡಿಬಿಡಿ. ಯಾರೂ ಯಾರಿಗೂ ಇಳಿ ಎನ್ನಲಿಲ್ಲ. ಆದರೆ ನೋಡುತ್ತಿದ್ದಂತೆ ಭಾಭಿಯ ಗಂಡನೇ ಪ್ಯಾಂಟು ಮಡಚತೊಡಗಿದರು.

"ನಾಕು ಬುಟ್ಟಿ ರಾಡಿ ಐತಿ. ಈಗ ಎಂಜಿನ್ನೂ ಇಲ್ಲ, ಹೊಗೀನೂ ಇಲ್ಲ. ಹೋದವ ಬಂದೆ."

ಅಷ್ಟರಲ್ಲಿ ಭಾಭಿ ಅಂದರು, ಕೂಗಿ ಅಲ್ಲ, ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ: "ನಿಲ್ಲಸ್ರಿ."

ಗಂಡ ನಗಲು ನೋಡಿದರು. ಯಾರೂ ನಗಲಿಲ್ಲ. ಮಾಸ್ತರು ಸಂಪಿನ ಮುಚ್ಚಳವನ್ನು ತಾವೇ ಎಳೆದು ಹಾಕಿ ಅದರ ಮೇಲೆ ಕುಳಿತುಬಿಟ್ಟರು. "ನೀರು ಹೋದ್ರ ಹೋಗವಲ್ದ್ಯಾಕ. ಟ್ಯಾಂಕರ್ ತರಸೂಣು. ಪ್ಯಾಂಟ್ ಇಳಸ್ರಿ ಮಾರಾಯ್ರ."

ಸಂಜೆ ನೀರು ಬಂತು. ರಾಡಿ ಉಳಿದ ಸಂಪಿಗೆ ಬಿಡಲಾಗದೆ ನಳದ ಕೆಳಗೆ ಕೊಡ, ಬಕೆಟ್ಟು ಇಟ್ಟು ಹಿಡಿದಷ್ಟು ಹಿಡಿದೆವು. ಒಬ್ಬಿಬ್ಬರು ಗೊಣಗಿದರು. ಬೈದರೂ ಬೈಯಲಿ ಎನಿಸಿತು.

ಅವತ್ತು ಬೇಗ ಮಲಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಏರಿತ್ತು. ಓಣಿಯಲ್ಲಿ ಟ್ಯಾಂಕರು ಎಂಜಿನ್ ಆರಿಸದೆ ನಿಂತಿತ್ತು. ಅದು ಯಾವಾಗ ಬಂದಿತೋ ನನಗೆ ಗೊತ್ತೇ ಆಗಿರಲಿಲ್ಲ.