ಮುಚ್ಚಳಿಕೆಯಲ್ಲಿ ಕಟ್ಟಿದ ಮಿರ್ಚಿ

ಸಾವಂತ್ರವ್ವನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಹಿರೇಕೆರೂರಿನ ಉಳಿದ ಗಂಡಸರಿಗೆ ನನ್ನಷ್ಟೂ ಇಲ್ಲ. ನಾನು ಮಾಲತೇಶ, ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಟಿಕೆಟ್ ಹರಿದವನು. ಅಕ್ಷರ ದುಂಡಗಿದೆ ಎಂದು ಊರಿನ ಅರ್ಜಿ, ತಕರಾರು, ಗಂಡ-ಹೆಂಡಿರ ಮುಚ್ಚಳಿಕೆ ಎಲ್ಲ ನನ್ನ ಕೈಯಿಂದಲೇ ಬರೆಸುತ್ತಾರೆ. ಆ ದುಂಡನೆಯ ಅಕ್ಷರಕ್ಕಿಷ್ಟು ಬೆಂಕಿ ಬೀಳಲಿ.

ಬಸ್ ನಿಲ್ದಾಣದ ಹೊರಗೆ, ಗೋವಿನಜೋಳದ ಲಾರಿಗಳು ತಿರುಗುವ ಮೂಲೆಯಲ್ಲಿ ಸಾವಂತ್ರವ್ವನ ಮಿರ್ಚಿ ಗಾಡಿ ಇದೆ. ಎದುರಿಗೆ ಎರಡು ಬೆಂಚು, ಒಂದು ಕುಂಟುತ್ತದೆ. ಸಾಕ್ಷರತಾ ತರಗತಿಯಲ್ಲಿ ಓದು ಕಲಿತವಳು ಆಕೆ. ಇಸ್ಮಾಯಿಲಸಾಬನ ರದ್ದಿ ಅಂಗಡಿಯಿಂದ ತಂದ ಹಳೆಯ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದದೆ ಹರಿಯುವವಳಲ್ಲ. ಗಿರಾಕಿ ಹಸಿದು ಬಾಯಿ ಬಾಯಿ ಬಿಡುತ್ತಿದ್ದರೂ ಸರಿ, ಸುದ್ದಿ ಮುಗಿಯಬೇಕು, ಆಮೇಲೆ ಅದರಲ್ಲಿ ಮಿರ್ಚಿ ಕಟ್ಟಬೇಕು. ಹೀಗಾಗಿ ಆಕೆಯ ಗಾಡಿಯಲ್ಲಿ ಜಗತ್ತು ಯಾವಾಗಲೂ ಒಂದು ತಿಂಗಳು ಹಿಂದೆ ಇರುತ್ತಿತ್ತು.

"ಅಲ್ಲಿ ಯುದ್ಧ ನಿಂತು ತಿಂಗಳಾತು, ನಿನ್ನ ಗಾಡ್ಯಾಗ ಇನ್ನೂ ಬಾಂಬ್ ಬೀಳಾಕತ್ತಾವು ನೋಡು," ಎಂದು ನಾನು ಕಾಡಿಸಿದರೆ, ಆಕೆ ತಲೆ ಎತ್ತದೆ ಹೇಳುತ್ತಿದ್ದಳು: "ಸತ್ತವ್ರು ತಿಂಗಳಾದ ಮ್ಯಾಲೆ ಎದ್ದ ಬರ್ತಾರೇನು ಕಂಡಕ್ಟರ?"

ಯುದ್ಧದ ಮಾತು ಆಕೆಗೆ ಹೊಸದೇನಲ್ಲ. ಗಂಡ ದ್ಯಾಮಪ್ಪ ಹಮಾಲಿ ಮಾಡುತ್ತಿದ್ದ. ಕುಡಿದು ಬಂದರೆ ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯಿಂದಲೇ ಹೊಡೆಯುತ್ತಿದ್ದ. ಕೊಕ್ಕೆ ಸಿಕ್ಕಿ ಹರಿದ ಗುರುತು ಆಕೆಯ ಭುಜದ ಮೇಲೆ ಇಂದಿಗೂ ಇದೆ. ಅವನು ಸತ್ತಾಗ ಮೂರು ದಿನ ಅತ್ತಳು, ನಾಲ್ಕನೇ ದಿನ ಆ ಕೊಕ್ಕೆಯನ್ನು ಗುಜರಿಗೆ ಹಾಕಿ ಒಂದು ಝಾರಾ ಕೊಂಡಳು. ಮಿರ್ಚಿಯನ್ನು ಎಣ್ಣೆಯಿಂದ ಎತ್ತುವ, ಉದ್ದ ಹಿಡಿಕೆಯ ತೂತಿನ ಸೌಟು. ಅವತ್ತಿನಿಂದ ಅದು ಆಕೆಯ ಕೈ ಬಿಟ್ಟಿದ್ದಿಲ್ಲ.

ರಷ್ಯಾದವರು ಉಕ್ರೇನಿನ ಮೇಲೆ ಬಿದ್ದ ವರ್ಷ ಸೂರ್ಯಕಾಂತಿ ಎಣ್ಣೆಯ ರೇಟು ಒಮ್ಮೆಲೆ ಏರಿತು. ಸಾವಂತ್ರವ್ವ ಮಿರ್ಚಿಯ ರೇಟು ಏರಿಸಿದಳು. ಆ ದಿನ ಗೋವಿನಜೋಳದ ದಲ್ಲಾಳಿ ಕರಿಬಸಪ್ಪ ಸಾಹುಕಾರ ಬೆಂಚಿನ ಮೇಲೆ ಕುಳಿತು ಎಗರಾಡಿದ: "ಹಗಲ ದರೋಡಿ ಇದು! ಅಲ್ಲೆಲ್ಲೋ ಅವ್ರು ಬಡಿದಾಡಿದ್ರ ಇಲ್ಲಿ ನಿನ್ನ ಮಿರ್ಚಿಗೇನಾತು?"

"ಕ್ವಾಣ ಎರಡು ಗುದ್ದಾಡಿ ನಡುವಿನ ಗಿಡ ಸತ್ತಿತಂತ. ಎಣ್ಣಿ ಅಲ್ಲಿಂದ ಬರ್ತೈತ್ರಿ ಸಾವ್ಕಾರ್ರ, ಪೇಪರಿನಾಗ ಐತಿ. ಬ್ಯಾಡಾದ್ರ ನೀರಾಗ ಕರದ ಕೊಡ್ಲೇನು?"

ಕರಿಬಸಪ್ಪ ತಿನ್ನುವುದನ್ನೇನೂ ಬಿಡಲಿಲ್ಲ. ತಿನ್ನುತ್ತಲೇ ತೀರ್ಪು ಕೊಟ್ಟ: "ದೊಡ್ಡವ ಸಣ್ಣವನ ಮ್ಯಾಲೆ ಬಿದ್ರ ಸಣ್ಣವ ಕೈಕಟ್ಟಿ ಕುಂದ್ರಬಾರ್ದು. ಸತ್ರೂ ಚಿಂತಿಲ್ಲ, ತಿರುಗಿ ಬಾರಿಸಬೇಕು. ಗಂಡಸ್ತನ ಅಂದ್ರ ಅದು." ನಾವೆಲ್ಲ ತಲೆಯಾಡಿಸಿದೆವು. ನಾನಂತೂ ಜೋರಾಗಿಯೇ ಆಡಿಸಿದೆ.

ಆ ಬೆಂಚಿನ ಮೇಲೆ ರಕ್ತವೂ ಹರಿದಿದೆ. ಒಮ್ಮೆ ಟ್ರ್ಯಾಕ್ಟರಿನವನೊಬ್ಬ, ಸಿಮೆಂಟ್ ಅಂಗಡಿಯವನೊಬ್ಬ ಗಾಜಾದ ವಿಷಯಕ್ಕೆ ಬಡಿದಾಡಿದರು. ಅದು ನಕ್ಷೆಯಲ್ಲಿ ಎಲ್ಲಿದೆ ಎಂದು ಕೇಳಿದ್ದರೆ ಇಬ್ಬರೂ ಪಕ್ಕದ ಮಾಸೂರಿನ ಕಡೆ ಕೈ ತೋರಿಸುತ್ತಿದ್ದರು. ಒಬ್ಬ ಸೋಡಾ ಬಾಟಲಿ ಎತ್ತಿ ಇನ್ನೊಬ್ಬನ ತಲೆಗೆ ಹಾಕಿದ. ಗಾಜು ಒಡೆದು, ಹುಬ್ಬು ಹರಿದು, ರಕ್ತ ಮಂಡಕ್ಕಿ ಬುಟ್ಟಿಗೆ ಸಿಡಿಯಿತು. ಸಾವಂತ್ರವ್ವ ಕಾದ ಝಾರಾವನ್ನು ಇಬ್ಬರ ಮೂಗಿನ ನಡುವೆ ಹಿಡಿದಳು.

"ಮೊದ್ಲ ಹೊಡ್ದವ್ರು ಯಾರು?"

ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು. "ಎಲ್ಲಿಂದ ಎಣಿಸ್ತೀರಿ ಅದರ ಮ್ಯಾಲೆ ಐತಿ ಅದು," ಎಂದು ಆಕೆ ಬುದ್ಧಿ ಹೇಳಿ, ಇಬ್ಬರಿಂದಲೂ ನೆಲ ತೊಳೆಸಿದಳು. ಊರೆಲ್ಲ ಇದನ್ನು ಹೇಳಿಕೊಂಡು ವಾರಗಟ್ಟಲೆ ನಕ್ಕಿತು.

ಆಕೆಗೆ ಒಬ್ಬಳೇ ಮಗಳು, ನಾಗರತ್ನಾ. ಹತ್ತಿಮತ್ತೂರಿನ ರಾಜಕುಮಾರನಿಗೆ ಕೊಟ್ಟಿದ್ದಳು. ಟೆಂಪೊ ಓಡಿಸುವ ಹುಡುಗ, ನಗುಮುಖ. ಸಂಬಂಧ ಕುದುರಿಸಿದವನು ಇದೇ ಕರಿಬಸಪ್ಪ.

ಎಣ್ಣೆಯ ರೇಟು ಏರಿದ ವರ್ಷವೇ ನಾಗರತ್ನಾ ಮೊದಲ ಸಲ ಹಾವೇರಿ ಬಸ್ಸಿನಿಂದ ಒಬ್ಬಳೇ ಇಳಿದಳು. ಮುಖದ ಎಡಭಾಗ ಬಾತು ನೀಲಿಗಟ್ಟಿತ್ತು. ಸೆರಗಿನ ತುದಿಯನ್ನು ಎಡಗಿವಿಗೆ ಒತ್ತಿ ಹಿಡಿದಿದ್ದಳು, ಸೆರಗು ಕೆಂಪಾಗಿತ್ತು. ಹಿರಿಯರು ಕೂಡಿದರು. "ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ," ಎಂದ ಕರಿಬಸಪ್ಪ. ಎಲ್ಲರೂ ಒಟ್ಟಿಗೆ ಬಾಯಿ ಮಾಡುತ್ತಿದ್ದ ಆ ಗದ್ದಲದಲ್ಲಿ ನಾನು ನಾಗರತ್ನಾಳ ಎಡಗಡೆ ಕುಳಿತು ಮುಚ್ಚಳಿಕೆ ಬರೆದೆ. ಇನ್ನು ಮುಂದೆ ಸರಿಯಾಗಿ ನಡೆಸಿಕೊಳ್ಳುತ್ತೇನೆ ಎಂದು ಗಂಡ ಬರೆದುಕೊಡುವ ಕಾಗದ ಅದು. ಹೊಡೆದ ಎಂದು ಬರೆದರೆ ಹುಡುಗನ ಮರ್ಯಾದೆ ಹೋಗುತ್ತದೆ ಎಂದರು. 'ಸಣ್ಣಪುಟ್ಟ ವೈಮನಸ್ಸು' ಎಂದು ಬರೆದೆ. ಕೊನೆಗೆ, "ಒಪ್ಪಿಗಿ ಐತೇನವಾ?" ಎಂದು ಕೇಳಿದೆ. ಅವಳು ನೆಲ ನೋಡುತ್ತ ಕುಳಿತಿದ್ದಳು. 'ಒಪ್ಪಿರುತ್ತಾರೆ' ಎಂದು ಬರೆದು ಸಹಿ ಹಾಕಿದೆ.

ಎರಡನೇ ಸಲ ಬಂದದ್ದು ಹೋದ ವರ್ಷ. ಬಾಗಿಲ ಸಂದಿಯಲ್ಲಿ ಕೈ ಇಡಿಸಿ ರಾಜಕುಮಾರ ಬಾಗಿಲು ಒದ್ದಿದ್ದ. ಎರಡು ಬೆರಳು ಜಜ್ಜಿ ಉಗುರು ಕಿತ್ತು ಹೋಗಿದ್ದವು. ಮತ್ತೆ ಅದೇ ಹಿರಿಯರು, ಅದೇ ಗದ್ದಲ, ಅದೇ ನನ್ನ ಪೆನ್ನು, ನಾನು ಅದೇ ಜಾಗದಲ್ಲಿ. ಕೇಳಿದೆ. ಅವಳು ಮಾತಾಡಲಿಲ್ಲ.

"ಅಕಿ ಸುಮ್ನ ಕುಂತದ್ದನ್ನ ಒಪ್ಪಿಗಿ ಅಂತ ಬರೀತಿಯಲ್ಲ ಕಂಡಕ್ಟರ," ಎಂದಳು ಸಾವಂತ್ರವ್ವ. ಅಂದಳು, ಆದರೂ ಕಳಿಸಿದಳು. ಇದನ್ನು ಆಕೆ ಮುಚ್ಚಿಡುವುದಿಲ್ಲ. "ನಾನೂ ಕಳಿಸೇನಿ. ಹದಿನೆಂಟು ವರ್ಸ ನಾ ತಡಕೊಂಡಿದ್ದೆ, ಇಕಿನೂ ತಡಕೋತಾಳ ಅಂದ್ಕೊಂಡಿದ್ದೆ. ನನ್ನ ಬುದ್ಧಿಗೆ ಮಣ್ಣ ಹಾಕ!" ಎಂದು ಈಗಲೂ ಹಣೆ ಹಣೆ ಬಡಿದುಕೊಳ್ಳುತ್ತಾಳೆ.

ಮೂರನೇ ಸಲ ಬಂದದ್ದು ಈ ವರ್ಷ. ಟೆಂಪೊದ ಜ್ಯಾಕಿನ ರಾಡಿನಿಂದ ಹೊಡೆದಿದ್ದ, ಭುಜದ ಎಲುಬು ಮುರಿದಿತ್ತು. ಕೈಯನ್ನು ಹಳೆಯ ಸೀರೆಯ ತುಂಡಿನಿಂದ ಕುತ್ತಿಗೆಗೆ ಕಟ್ಟಿಕೊಂಡು ಬಂದಿದ್ದಳು. ಹದಿನೈದು ದಿನದಲ್ಲಿ ರಾಜಕುಮಾರ ಕರೆಯಲು ಬಂದ. ಕರಿಬಸಪ್ಪ ಮತ್ತೆ ನ್ಯಾಯಕ್ಕೆ ಕೂಡಿಸಿದ.

"ಸಂತಿ ದಿನ, ಒಲಿ ಆರಿಸಂಗಿಲ್ಲ. ಬೇಕಾದ್ರ ಇಲ್ಲೇ ಬಂದು ಕುಂದರ್ರಿ," ಎಂದಳು ಸಾವಂತ್ರವ್ವ. ಮಧ್ಯಾಹ್ನ ಮೂರಕ್ಕೆ ಗಾಡಿಯ ಮುಂದೆಯೇ ಸೇರಿದೆವು. ಹತ್ತಿಯ ಚೀಲ ಹೊತ್ತ ಗಾಡಿಗಳು, ಸಂತೆಯ ಕೂಗು, ಕಾದ ಎಣ್ಣೆಯ ವಾಸನೆ. ನಾಗರತ್ನಾ ತಾಯಿಯ ಬೆನ್ನಿನ ಹಿಂದೆ ಮರದ ಪೆಟ್ಟಿಗೆಯ ಮೇಲೆ ಕುಳಿತಿದ್ದಳು.

"ಐದರ ಬಸ್ಸಿಗೆ ಕಳಿಸಿಬಿಡು," ಎಂದ ಕರಿಬಸಪ್ಪ. "ಇನ್ನೊಂದು ಮುಚ್ಚಳಿಕಿ ಬರಸೋಣು."

ಸಾವಂತ್ರವ್ವ ಮಿರ್ಚಿ ಬಿಡುತ್ತಲೇ ಕೇಳಿದಳು: "ಸಾವ್ಕಾರ್ರ, ದೊಡ್ಡವ ಸಣ್ಣವನ ಮ್ಯಾಲೆ ಬಿದ್ರ ಸಣ್ಣವ ತಿರುಗಿ ಬಾರಿಸಬೇಕು ಅಂತ ಇದ ಬೆಂಚಿನ ಮ್ಯಾಲೆ ಕುಂತ ಹೇಳಿದ್ರಲ್ಲ. ನನ್ನ ಮಗಳಿಗೆ ಆ ಕಾಯ್ದೆ ಇಲ್ಲೇನ್ರಿ?"

"ಏ, ಅದು ದೇಶದ ಮಾತು. ಇದು ಮನಿ ಮಾತು. ಹೆಣ್ಮಗಳಾಗಿ ಎಲ್ಲಿಂದೆಲ್ಲಿಗೆ ಹಚ್ತೀಯ?"

"ಆತು ಬಿಡ್ರಿ," ಎಂದಳು ಆಕೆ. "ಹಸ್ದೀರಿ, ಮೊದ್ಲ ತಿನ್ರಿ."

ಕರಿಬಸಪ್ಪನಿಗೊಂದು ಪೊಟ್ಟಣ, ನನಗೊಂದು ಪೊಟ್ಟಣ. ಬಿಚ್ಚಿದೆ. ಒಳಗಿದ್ದದ್ದು ಪತ್ರಿಕೆಯಲ್ಲ. ನನ್ನ ದುಂಡನೆಯ ಅಕ್ಷರ. 'ಸಣ್ಣಪುಟ್ಟ ವೈಮನಸ್ಸು' ಎಂಬಲ್ಲಿ ಎಣ್ಣೆ ಹರಡಿತ್ತು, ಕೆಳಗೆ ನನ್ನ ಸಹಿಯ ಮೇಲೆ ಒಂದು ಮೆಣಸಿನಕಾಯಿ ಬಿದ್ದಿತ್ತು. ಕರಿಬಸಪ್ಪನ ಕೈಯಲ್ಲಿ ಎರಡನೇ ಮುಚ್ಚಳಿಕೆ.

"ಏನಿದು?" ಎಂದ ಅವನು.

"ರದ್ದಿ ರೀ. ಓದೇ ಕಟ್ಟೇನಿ."

ಕರಿಬಸಪ್ಪ ಅದನ್ನು ಮಿರ್ಚಿಯ ಸಮೇತ ನೆಲಕ್ಕೆ ಎಸೆದ. ರಾಜಕುಮಾರ ನಕ್ಕ. ಅದೇ ಹಳೆಯ ನಗುಮುಖ. "ಸಾಕ ಮಾಡವಾ ನಿನ್ನ ನಾಟಕ," ಎಂದು ಗಾಡಿಯ ಹಿಂದೆ ನುಗ್ಗಿ, ನಾಗರತ್ನಾಳ ಮುರಿದ ಕೈಯನ್ನೇ ಹಿಡಿದು ಎಳೆದ. ಅವಳು ಚೀರಿದ ಚೀರು ನಿಲ್ದಾಣದ ಒಳಗಿನ ಬಸ್ಸುಗಳವರೆಗೆ ಕೇಳಿಸಿತು. ಐವರು ಗಂಡಸರು ಕುಳಿತಿದ್ದೆವು. ಒಬ್ಬರೂ ಏಳಲಿಲ್ಲ. ನಾನೂ ಏಳಲಿಲ್ಲ.

ಸಾವಂತ್ರವ್ವ ಕುದಿಯುವ ಎಣ್ಣೆಯಿಂದ ಝಾರಾ ಎತ್ತಿದವಳೇ ಅವನ ಮುಂಗೈಗೆ ಬಾರಿಸಿದಳು. ಚರ್ಮ ಝಾರಾಕ್ಕೆ ಅಂಟಿ ಬಂತು. ಅವನು ಕೈ ಬಿಟ್ಟು ಆಕೆಯ ಹೊಟ್ಟೆಗೆ ಒದ್ದ. ಆಕೆ ಬಿದ್ದಳು, ಬಾಣಲೆ ಉರುಳಿತು, ಎಣ್ಣೆ ಆಕೆಯ ಎಡಗೈಗೆ ಸಿಡಿದು ಅವನ ಪಾದದ ಮೇಲೆ ಹರಿಯಿತು. ಬಿದ್ದಲ್ಲಿಂದಲೇ ಆಕೆ ಮೊಣಕಾಲಿಗೆ ಹೊಡೆದಳು, ಅವನು ಕುಸಿದ ಮೇಲೆ ದವಡೆಗೆ ಹೊಡೆದಳು. ಹಲ್ಲು ಸಿಡಿದು ಹಿಟ್ಟಿನ ಬೋಗುಣಿಗೆ ಬಿತ್ತು. "ಇದು ಕಿವೀಗೆ! ಇದು ಬೆರಳಿಗೆ! ಇದು ಎಲಬಿಗೆ!" ಎಂದು ಆಕೆ ಕೂಗುತ್ತಿದ್ದಳು. ನನಗೆ ಹೆದರಿಕೆಯಾಯಿತು, ಮತ್ತು ಖುಷಿಯಾಯಿತು. ಇದ್ದದ್ದನ್ನು ಹೇಳಿಬಿಡುತ್ತೇನೆ, ಖುಷಿಯಾಯಿತು.

ಆಗ ಎದ್ದರು ನೋಡಿ ನಮ್ಮ ಹಿರಿಯರು! ನಾಲ್ಕು ಜನ ಸೇರಿ ಒಬ್ಬ ಹೆಂಗಸನ್ನು ಹಿಡಿದರು. "ಕೊಲೆ ಮಾಡ್ತಾಳ, ಪೊಲೀಸರ್ನ ಕರೀರಿ!" ಎಂದು ಕರಿಬಸಪ್ಪ ಕಿರಿಚಿದ. ನಾಲ್ಕು ವರ್ಷದಲ್ಲಿ ಅವನ ಬಾಯಿಂದ ಪೊಲೀಸರ ಹೆಸರು ಬಂದದ್ದು ಅದೇ ಮೊದಲು. ನಾನು ನೆಲದ ಮೇಲಿದ್ದ ಕಾಗದ ಎತ್ತಿ, ನನ್ನದರ ಜೊತೆ ಮಡಚಿ ಕಿಸೆಯಲ್ಲಿಟ್ಟುಕೊಂಡೆ.

ರಾಜಕುಮಾರನನ್ನು ಆಸ್ಪತ್ರೆಗೆ, ನಮ್ಮನ್ನು ಠಾಣೆಗೆ ಒಯ್ದರು. ಸಾಹೇಬ ಚಿಕ್ಕ ವಯಸ್ಸಿನವನು, ಸಮಾಧಾನದ ಮನುಷ್ಯ. ಮೊದಲು ಕೇಳಿದ್ದೇ ಅದು.

"ಮೊದಲು ಹೊಡೆದವರು ಯಾರು?"

"ಇಕಿನ ರೀ," ಎಂದ ಕರಿಬಸಪ್ಪ. "ಕಣ್ಣಾರೆ ನೋಡೇನಿ. ಇವ್ರನ್ನೂ ಕೇಳ್ರಿ." ಉಳಿದವರು ಹೌದು ಹೌದೆಂದರು. ಸಾವಂತ್ರವ್ವ ಬೆಂದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ಎಣ್ಣೆಯ ಕಾಗದಗಳನ್ನು ಮೇಜಿನ ಮೇಲಿಟ್ಟೆ. "ಇಲ್ಲಿಂದ ಎಣಿಸ್ರಿ ಸಾಹೇಬ್ರ. ನಾಲ್ಕು ವರ್ಸದ ಹಿಂದ ಮೊದ್ಲ ಹೊಡ್ದವ ಅವನು," ಎಂದೆ. ದೊಡ್ಡ ಕೆಲಸ ಮಾಡಿದೆ ಎಂದುಕೊಂಡೆ, ಮೂರ್ಖ ನಾನು.

ಸಾಹೇಬ ಎರಡನ್ನೂ ಓದಿದ. "ಹೊಡೆದ ಅಂತ ಇದರಲ್ಲಿ ಎಲ್ಲಿದೆ? ಸಣ್ಣಪುಟ್ಟ ವೈಮನಸ್ಸು ಅಂತಿದೆ. ಎರಡು ಸಲವೂ ಹುಡುಗಿ ಒಪ್ಪಿರುತ್ತಾರೆ ಅಂತಿದೆ. ಬರೆದವರು ಯಾರು?"

"ನಾನ ರೀ," ಎಂದೆ. ಸಾವಂತ್ರವ್ವನನ್ನು ಜೈಲಿಗೆ, ನಾಗರತ್ನಾಳನ್ನು ಹತ್ತಿಮತ್ತೂರಿಗೆ ಕಳಿಸಲು ನನ್ನ ಆ ಎರಡು ಸಾಲೇ ಸಾಕಿತ್ತು.

ಸಾಹೇಬ ಎದ್ದು ಬಂದು, ಗೋಡೆಗೆ ಕುಳಿತಿದ್ದ ನಾಗರತ್ನಾಳ ಎಡಗಡೆ ನಿಂತ. ಠಾಣೆಯ ಅಂಗಳದಲ್ಲಿ ಸಂತೆಯ ಜನ ಸೇರಿ ಗದ್ದಲ ಮಾಡುತ್ತಿದ್ದರು. "ನೀನು ಒಪ್ಪಿಕೊಂಡಿದ್ದೆಯೇನಮ್ಮ?" ಎಂದು ಕೇಳಿದ. ಅವಳು ನೆಲ ನೋಡುತ್ತಿದ್ದಳು.

"ನೋಡ್ರಿ," ಎಂದ ಕರಿಬಸಪ್ಪ, "ಮಾತಽ ಇಲ್ಲ ಅಕಿ ಬಾಯಾಗ."

ಸಾವಂತ್ರವ್ವ ಎದ್ದು ಬಂದು ಮಗಳ ಗಲ್ಲ ಹಿಡಿದೆತ್ತಿದಳು. "ಸಾಹೇಬ್ರು ಕೇಳಾಕತ್ತಾರಲ್ಲ, ಹೇಳ ನನ್ನವ್ವಾ!" ಎಂದು ಅಳು ತಡೆಯದೆ ಕೂಗಿದಳು. ನಾಗರತ್ನಾ ಗಾಬರಿಯಾಗಿ ತಾಯಿಯ ಬಾಯಿ ನೋಡಿದಳು, ಆಮೇಲೆ ಪಕ್ಕದಲ್ಲಿ ನಿಂತ ಸಾಹೇಬನನ್ನು ನೋಡಿದಳು.

"ಏನ್ ಕೇಳಿದ್ರಿ? ಈ ಕಡಿ ಬಂದ ಕೇಳ್ರಿ ಸರ," ಎಂದಳು. "ಆ ಕಿವಿ ಕೇಳಂಗಿಲ್ಲ. ಮೊದಲ್ನೇ ಸಲ ಹೊಡ್ದಾಗನ ಒಡದೈತಿ."

ಸಾವಂತ್ರವ್ವ ಅಲ್ಲೇ ಕುಸಿದು ಕುಳಿತಳು. ಹೆತ್ತ ತಾಯಿಗೂ ಹೇಳದೆ ಮುಚ್ಚಿಟ್ಟಿದ್ದಳು ಹುಡುಗಿ. ಅವ್ವ ನೊಂದುಕೊಳ್ಳುತ್ತಾಳೆ ಎಂದು.

ಸಾಹೇಬ ಸುತ್ತಿ ಬಲಗಡೆಗೆ ಬಂದು ಕುಕ್ಕರುಗಾಲಲ್ಲಿ ಕುಳಿತ. "ಮುಚ್ಚಳಿಕೆಗೆ ನೀನು ಒಪ್ಪಿದ್ದೆಯಾ?"

"ನನ್ನ ಯಾರ್ ಕೇಳಿದ್ರು ಸರ?" ಎಂದಳು ನಾಗರತ್ನಾ. ಸಿಟ್ಟಿನಿಂದಲ್ಲ. ನಿಜವಾಗಿಯೂ ಗೊತ್ತಿಲ್ಲದವಳಂತೆ ನಮ್ಮೆಲ್ಲರ ಮುಖ ನೋಡುತ್ತ ಕೇಳಿದಳು. "ಯಾರೂ ಕೇಳಲಿಲ್ಲ."

ಸಾಹೇಬ ಬಿಳಿ ಹಾಳೆ ತರಿಸಿ ನನ್ನ ಮುಂದಿಟ್ಟ. ನಾನು ನಾಗರತ್ನಾಳ ಬಲಗಡೆಗೆ ಹೋಗಿ ಕುಳಿತೆ. ಅವಳು ಹೇಳಿದಂತೆ, ಒಂದು ಪದ ಮಿಗಿಸದೆ ಬರೆದೆ: ಹೊಡೆದ. ಒದ್ದ. ಮುರಿದ. ಬರೆಯುತ್ತಿರುವಾಗ ಹೊರಗೆ ಐದರ ಹಾವೇರಿ ಬಸ್ಸು ಹಾರ್ನ್ ಹಾಕಿ ಹೊರಟಿತು. ಆ ಶಬ್ದ ಎಡಗಡೆಯಿಂದ ಬಂದದ್ದಕ್ಕೋ ಏನೋ, ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.