ಘಾಟಿನ ಗೊಂಬೆ

ಬ್ಯಾಡಗಿಯವರು ಸೀನುವುದಿಲ್ಲ. ಪರ ಊರಿನವರು ಬಸ್ಸಿನಿಂದ ಇಳಿಯುವ ಮೊದಲೇ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ, ನಾವು ಅವರನ್ನು ನೋಡಿ ನಗುತ್ತೇವೆ. ಸುಗ್ಗಿಯಲ್ಲಿ ಮೆಣಸಿನಕಾಯಿಯ ಘಾಟು ನಮ್ಮ ಊಟದ ತಾಟಿನಲ್ಲಿ, ಹಾಸಿಗೆಯಲ್ಲಿ, ದೇವರ ಜಗಲಿಯ ಮೇಲೆ, ಎಲ್ಲ ಕಡೆ ಇರುತ್ತದೆ. ಇದೆಯೆಂದು ನಮಗೆ ಗೊತ್ತಾಗುವುದೇ ಇಲ್ಲ. ಈ ಗೊತ್ತಾಗದಿರುವುದನ್ನೇ ನಾನು ಬಹಳ ಕಾಲ ನಮ್ಮೂರಿನ ಹೆಚ್ಚುಗಾರಿಕೆ ಎಂದು ತಿಳಿದಿದ್ದೆ.

ಆ ತಿಂಗಳುಗಳಲ್ಲಿ ನಮ್ಮ ಅಂಗಳದ ತುಂಬ ಹೆಂಗಸರು ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ನಾನೂ ಅವರ ಜೊತೆ ಕೂಡುತ್ತೇನೆ. ನನ್ನ ಪಕ್ಕ ಕೂಡುವವಳು ಬಾಜೂ ಮನೆಯ ಗೆಳತಿ. ಮನೆಯಲ್ಲಿ ಉರ್ದು ಆಡಿದರೂ ನನ್ನ ಜೊತೆ ಜಗಳ ಆಡುವುದು ಕನ್ನಡದಲ್ಲೇ. ಉಲ್ಲನ್ ಹೆಣಿಗೆ ನನಗೆ ಕಲಿಸಿದವಳೂ ಅವಳೇ. ಹೋದ ಸುಗ್ಗಿಯಲ್ಲಿ ನನ್ನ ದೂರದ ಸಂಬಂಧಿಯೊಬ್ಬಳು ಮನೆಗೆ ಬಂದಿದ್ದಳು. ಹಾವೇರಿಯಲ್ಲಿ ತಂದೆತಾಯಿ ಇಲ್ಲದ ಮಕ್ಕಳನ್ನು ಇಟ್ಟುಕೊಳ್ಳುವ ಆಶ್ರಮವೊಂದರಲ್ಲಿ ಅವಳು ಮಕ್ಕಳನ್ನು ನೋಡಿಕೊಳ್ಳುತ್ತಾಳೆ.

"ಹೊಸದಾಗಿ ಬಂದ ಹುಡುಗ್ರು ಮಲಗೂ ಹೊತ್ತಿಗೆ ಭಾಳ ಅಳತಾವ್ರಿ ಅಕ್ಕಾರ. ಕೈಯಾಗ ಹಿಡಕೊಂಡು ಮಲಗಾಕ ಏನರ ಇದ್ರ ಚಲೋ ಆಗ್ತಿತ್ತು" ಎಂದಳು.

ಅಷ್ಟು ಸಾಕಾಯಿತು. ತೊಟ್ಟು ಬಿಡಿಸುವ ನಡುನಡುವೆ ಚಹಾಕ್ಕೆಂದು ಬಿಡುವು ಸಿಕ್ಕಾಗಲೆಲ್ಲ ಸೆರಗಿಗೆ ಕೈ ಒರೆಸಿಕೊಂಡು ಹೆಣೆಯಲು ಕೂತೆವು. ಅಂಗೈಯಗಲದ ಮೊಲಗಳು. ಹೊಟ್ಟೆಗೆ ಹಳೆಯ ತಲೆದಿಂಬಿನ ಹತ್ತಿ, ಕಣ್ಣಿಗೆ ಕರಿ ದಾರದ ಗಂಟು. ನಾನು ಹೆಣೆದ ಹಳದಿ ಮೊಲದ ಒಂದು ಕಿವಿ ಸೊಟ್ಟಗಾಗಿತ್ತು. "ಇದು ನಿನ್ನಂಗ, ಯಾರ ಮಾತೂ ಕೇಳಂಗಿಲ್ಲ" ಎಂದು ಗೆಳತಿ ಅಣಕಿಸಿದಳು. ಚೀಲದಲ್ಲಿ ತುಂಬಿ ಹಾವೇರಿಗೆ ಕೊಟ್ಟು ಬಂದ ದಿನ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮರುದಿನವೇ ಫೋನು ಬಂತು. "ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಗೊಂಬಿ ಹಿಡಕೊಂಡ ಹುಡುಗ್ರೆಲ್ಲಾ ಸೀನಾಕತ್ತಾವು. ಕಣ್ಣ ತಿಕ್ಕೊಂಡು ಅಳಾಕತ್ತಾವು."

ಗೆಳತಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಇಬ್ಬರೂ ನಮ್ಮ ನಮ್ಮ ಕೈ ಮೂಸಿ ನೋಡಿಕೊಂಡೆವು. ನಮಗೆ ಏನೂ ವಾಸನೆ ಬರಲಿಲ್ಲ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು. ಅಳು ನಿಲ್ಲಿಸಲು ಕೊಟ್ಟ ಗೊಂಬೆಯೇ ಮಕ್ಕಳನ್ನು ಅಳಿಸಿತ್ತು.

ತಿರುಗಿ ತರಲೆಂದು ಹೋದೆ. ಎಲ್ಲ ಮಕ್ಕಳೂ ಕೊಟ್ಟರು, ಒಬ್ಬಳನ್ನು ಬಿಟ್ಟು. ಇನ್ನೂ ಶಾಲೆಗೆ ಸೇರದ ಪುಟ್ಟ ಹುಡುಗಿ. ಸೊಟ್ಟ ಕಿವಿಯ ಮೊಲ ಅವಳ ಹತ್ತಿರ ಇತ್ತು. ಅದನ್ನು ಮೂಗಿಗೆ ಒತ್ತಿ ಹಿಡಿದುಕೊಂಡು ಗೋಡೆಗೆ ಆತು ಕೂತಿದ್ದಳು. ಕಣ್ಣು ಕೆಂಪಗಾಗಿ ಬಾತುಕೊಂಡು ನೀರು ಸುರಿಯುತ್ತಿತ್ತು. ಆದರೂ ಅಳುತ್ತಿರಲಿಲ್ಲ.

"ಇವಳವ್ವ ನಿಮ್ಮ ಊರಾಗ ತೊಟ್ಟು ಬಿಡಸಾಕ ಬರ್ತಿದ್ಲಂತ್ರಿ. ಕೂಸಿನ್ನ ಮೆಣಸಿನಕಾಯಿ ರಾಶಿ ಮಗ್ಗಲ್ದಾಗ ಮಲಗಿಸಿ ಕೆಲಸ ಮಾಡ್ತಿದ್ಲಂತ. ಜ್ವರಾ ಬಂದು ಹೋದ್ಲು" ಎಂದು ಸಂಬಂಧಿ ಮೆಲ್ಲಗೆ ಹೇಳಿದಳು. "ಬಂದಾಗಿಂದ ಒಂದ್ ತುತ್ತು ಸರಿಯಾಗಿ ಉಂಡಿದ್ದಿಲ್ಲ, ನಿದ್ದಿ ಮಾಡಿದ್ದಿಲ್ಲ. ನಿನ್ನೆ ಈ ಗೊಂಬಿ ಹಿಡಕೊಂಡು ಮಲಗಿದಾಕಿ ಮುಂಜಾನಿ ತಾನಾಗೇ ಎದ್ದು ಹಾಲು ಕುಡದ್ಲು."

ಹುಡುಗಿಯ ಕೈಯಿಂದ ಅದನ್ನು ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ, ಬಿಟ್ಟು ಬಂದೆ.

ಆದರೆ ಕಣ್ಣು ಕಣ್ಣೇ. ಡಾಕ್ಟರರು ನೋಡಿ, ಹೀಗೇ ಬಿಟ್ಟರೆ ಹುಣ್ಣಾಗುತ್ತದೆ ಎಂದರಂತೆ. ಹುಡುಗಿ ಮಲಗಿದ್ದಾಗ ಸಂಬಂಧಿ ಗೊಂಬೆಯನ್ನು ತೆಗೆದು ಸಾಬೂನಿನ ಪುಡಿಯಲ್ಲಿ ನೆನೆಸಿ ಒಗೆದಳು. ತಪ್ಪೇನು ಮಾಡಿದಳು? ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಹತ್ತಿ ಗಂಟುಗಟ್ಟಿ ಮೊಲ ಚಿಂದಿಯಾಯಿತು, ಹುಡುಗಿ ಮತ್ತೆ ಊಟ ಬಿಟ್ಟಳು. "ಅಂಥಾದ್ದ ಇನ್ನೊಂದು ಮಾಡಿಕೊಡ್ರಿ" ಎಂದು ಫೋನು ಬಂತು.

ಗೆಳತಿ ಹೇಳಿದಳು: "ಮಾಡಿ, ಒಂದಿನ ಮೆಣಸಿನಕಾಯಿ ಚೀಲದಾಗ ಇಟ್ಟು ಕೊಡೂಣು. ಏನಾಕ್ಕೈತಿ?"

"ಕೂಸಿನ ಕಣ್ಣ ಕಳೀತಿಯೇನ, ಹುಚ್ಚಿ?" ಎಂದು ಅವಳ ಮೇಲೆ ಹರಿಹಾಯ್ದೆ. ಅವಳು ಸಿಟ್ಟಾಗಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು. ಅತ್ತ ದರಿ, ಇತ್ತ ಪುಲಿ. ಕಣ್ಣು ಉಳಿಸಿದರೆ ನಿದ್ದೆ ಹೋಗುತ್ತದೆ, ನಿದ್ದೆ ಕೊಟ್ಟರೆ ಕಣ್ಣು ಹೋಗುತ್ತದೆ. ದೇವರು ಯಾವ ಪುರುಷಾರ್ಥಕ್ಕೆ ಇಂಥ ಲೆಕ್ಕ ಹಾಕುತ್ತಾನೋ, ನನಗಂತೂ ತಿಳಿಯದು.

ರಾಣೆಬೆನ್ನೂರಿನ ನನ್ನ ಅಕ್ಕನ ಮನೆಗೆ ಹೋಗಿ ಕೆಲವು ದಿನ ಉಳಿದೆ. ಅಲ್ಲೇ ಹೊಸ ಉಲ್ಲನ್, ಹೊಸ ಹತ್ತಿ ಕೊಂಡೆ. ಸೀಗೆಕಾಯಿ ಹಾಕಿ ಮಿಂದು, ಉಗುರಿನ ಸಂದಿಗೆಲ್ಲ ನಿಂಬೆಹಣ್ಣು ತಿಕ್ಕಿ, ಅಕ್ಕನ ಸೀರೆ ಉಟ್ಟು ಹೆಣೆಯಲು ಕೂತೆ. ಅದೇ ಹಳದಿ. ಕಿವಿಯನ್ನೂ ಬೇಕೆಂದೇ ಸೊಟ್ಟ ಮಾಡಿದೆ. ಬ್ಯಾಡಗಿಗೆ ಹೋಗದೆ ನೇರವಾಗಿ ಹಾವೇರಿಗೆ ಹೋದೆ.

ಹುಡುಗಿ ಗೊಂಬೆಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಸೊಟ್ಟ ಕಿವಿ ಮುಟ್ಟಿ ನೋಡಿದಳು. ಮೂಗಿಗೆ ಒತ್ತಿಕೊಂಡಳು. ಆಮೇಲೆ ಪಕ್ಕಕ್ಕಿಟ್ಟು, ಎದ್ದು ಬಂದು ನನ್ನ ಸೆರಗು ಹಿಡಿದಳು. ಅದನ್ನೂ ಮೂಗಿಗೆ ಒತ್ತಿಕೊಂಡಳು. ನನ್ನ ಅಂಗೈ ಬಿಡಿಸಿ ಅದರಲ್ಲಿ ಮುಖ ಇಟ್ಟಳು. ಅವಳು ಏನು ಹುಡುಕುತ್ತಿದ್ದಳೆಂದು ನನಗೆ ಗೊತ್ತಿತ್ತು. ಅದನ್ನೇ ನಾನು ನಿಂಬೆಹಣ್ಣಿನಿಂದ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದಿದ್ದೆ. ಅವಳು ಕೈ ಬಿಟ್ಟು ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಎಷ್ಟು ಕರೆದರೂ ತಿರುಗಲಿಲ್ಲ.

ಸಂಜೆ ಬಸ್ಸು ಬ್ಯಾಡಗಿ ಮುಟ್ಟಿತು. ಇಳಿಯುವಾಗ, ನನಗೆ ಬುದ್ಧಿ ಬಂದಾಗಿನಿಂದ ಮೊದಲ ಸಲ, ನಮ್ಮೂರಿನ ಘಾಟು ನನ್ನ ಮೂಗಿಗೆ ಹತ್ತಿತು. ಸೀನಿದೆ. ಕಣ್ಣು ಉರಿದು ನೀರು ಬಂತು. ಆ ಹುಡುಗಿಯ ಅವ್ವನ ವಾಸನೆ ಊರ ತುಂಬ ಇತ್ತು, ಗಾಳಿಯಲ್ಲಿ, ರಸ್ತೆಯ ಧೂಳಿನಲ್ಲಿ, ನಮ್ಮ ಮನೆಯ ಬಾಗಿಲಲ್ಲಿ. ಅದರಲ್ಲಿ ಒಂದು ಚಿಟಿಕೆಯನ್ನೂ ನಾನು ಅವಳಿಗೆ ಕೊಡುವಂತಿರಲಿಲ್ಲ.