ಕಾರಿನಡಿಯ ಕುಂಕುಮ

ನನ್ನ ಮೊಮ್ಮಗಳು ಡ್ರೈವಿಂಗ್ ಟೆಸ್ಟಿನಲ್ಲಿ ಪಾಸಾದಳು! ಮೊದಲು ಈ ಮಾತು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಆಗಿ ಎಷ್ಟೋ ವರ್ಷವಾಯಿತು, ಆದರೂ ಯಾರಾದರೂ ಎದುರಿಗೆ ಬಂದು ಕೂತರೆ ಇದನ್ನು ಹೇಳದೆ ನನ್ನಿಂದ ಇರಲಾಗದು. ಆವತ್ತು ಆರ್‌ಟಿಓ ಆಫೀಸಿನ ಹತ್ತಿರದಿಂದ ಮಗ ಫೋನು ಮಾಡಿದಾಗ ನಾನು ರಿಸೀವರನ್ನು ಕುರ್ಚಿಯ ಮೇಲೆ ಎಸೆದು ಬೀದಿಗೆ ಓಡಿದೆ. ಎದುರುಮನೆಯವರಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಸೈಕಲ್ಲಿನಲ್ಲಿ ಬರುತ್ತಿದ್ದ ಪೋಸ್ಟ್‌ಮ್ಯಾನನ್ನೂ ನಿಲ್ಲಿಸಿ ಹೇಳಿದೆ. "ಒಳ್ಳೇದಾಯ್ತು ಬಿಡಮ್ಮ, ನಿಮ್ಮನೆಗೆ ಕಾಗದ ಇಲ್ಲ" ಎಂದು ಅವನು ಹೊರಟುಹೋದ. ಒಳಗೆ ಬಂದರೆ ಕುರ್ಚಿಯ ಮೇಲಿನಿಂದ ಮಗ "ಅಮ್ಮಾ, ಅಮ್ಮಾ, ಇದ್ದೀಯಾ?" ಎಂದು ಇನ್ನೂ ಕೂಗುತ್ತಿದ್ದ.

ಕಾರು ಓಡಿಸುವುದೇನು ಮಹಾ ಎನ್ನಬೇಡಿ. ಈ ಹುಡುಗಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂದು ಎಡಗಾಲು ಸೊರಗಿಹೋಯಿತು. ಪೋಲಿಯೋ ಎಂದರು. ಚಾಮರಾಜಪೇಟೆಯ ಬೀದಿಗಳಲ್ಲಿ ಅವಳನ್ನು ಸೊಂಟದ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟವಳು ನಾನು. ನನ್ನ ಸೊಂಟ ಸೋತ ಮೇಲೆ ಅವಳಪ್ಪ, ಅಂದರೆ ನನ್ನ ಮಗ, ಸ್ಕೂಟರಿನಲ್ಲಿ ಬಿಡತೊಡಗಿದ. ನಮ್ಮದು ತರಕಾರಿ ವ್ಯಾಪಾರ. ಮಾರ್ಕೆಟ್ಟಿನಲ್ಲಿ ಗಿರಾಕಿ ನುಗ್ಗುವ ಹೊತ್ತಿಗೇ ಅವನು ತಕ್ಕಡಿ ಪಕ್ಕದ ಅಂಗಡಿಯವನಿಗೆ ಒಪ್ಪಿಸಿ ಮನೆಗೆ ಬರಬೇಕು. ಅವಳು ಓದಿ ಮುಗಿಸಿ ಶಂಕರಪುರದ ಒಂದು ಶಾಲೆಯಲ್ಲಿ ಟೀಚರಾದ ಮೇಲೂ ಅದೇ ಕತೆ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುವವಳಿಗೆ ಶಂಕರಪುರ ದೂರ. ಆಟೋದವರಿಗೆ ಹತ್ತಿರ. "ಅಷ್ಟು ಹತ್ರಕ್ಕೆ ಬರಲ್ಲ" ಎಂದು ಹೋಗಿಬಿಡುತ್ತಿದ್ದರು.

ಆಗ ಮಲ್ಲೇಶ್ವರದಲ್ಲಿ ಒಂದು ದೊಡ್ಡ ಶಾಲೆಯವರು ಅವಳನ್ನು ಕರೆದರು. ದೀಪಾವಳಿ ಕಳೆದ ಮೇಲೆ ಸೇರಬೇಕು. ಅಷ್ಟು ದೂರ ಸ್ಕೂಟರಿನಲ್ಲಿ ದಿನಾ ಬಿಡುತ್ತಾ ಕೂತರೆ ನಮ್ಮ ಅಂಗಡಿ ಎದ್ದುಹೋಗುತ್ತದೆ. ಹಾಗೆಂದು ಬಿಟ್ಟುಬಿಡುವವಳಲ್ಲ ಅವಳು. ಬಸವನಗುಡಿಯ ವಯಸ್ಸಾದ ಡಾಕ್ಟರೊಬ್ಬರ ಹತ್ತಿರ ಹಳೆಯ ಆಟೋಮ್ಯಾಟಿಕ್ ಕಾರಿದೆಯಂತೆ, ಅದಕ್ಕೆ ಕ್ಲಚ್ಚೇ ಇಲ್ಲವಂತೆ, ಎಡಗಾಲಿಗೆ ಕೆಲಸವೇ ಇಲ್ಲವಂತೆ ಎಂದು ಎಲ್ಲಿಂದಲೋ ಕೇಳಿಕೊಂಡು ಬಂದಳು. ಅಪ್ಪನನ್ನು ಒಪ್ಪಿಸಿ ಕಾರು ತಂದೇಬಿಟ್ಟಳು. ಆಗಿನ್ನೂ ಅಂಥ ಕಾರು ಅಪರೂಪ.

ನನಗೆ ಬಗೆಹರಿಯಲಿಲ್ಲ.

"ಹಾಗಾದ್ರೆ ಗೇರು ಯಾರು ಹಾಕ್ತಾರೆ?"

"ಅದೇ ಹಾಕ್ಕೊಳುತ್ತೆ ಅಜ್ಜಿ."

"ಅದೇ ಅಂದ್ರೆ ಯಾವ್ದು?"

"ಒಳಗಡೆ ಒಂದು ಎಣ್ಣೆ ಇರುತ್ತೆ. ಅದು ಒತ್ತಿ ಒತ್ತಿ ಗೇರು ಹಾಕುತ್ತೆ."

"ಎಣ್ಣೆಗೆ ಕೈ ಇದ್ಯೇನೇ?"

"ಕೈಯಲ್ಲ, ಕಾಲಿದೆ ಅಂದ್ಕೋ. ನನ್ ಎಡಗಾಲು ಮಾಡ್ದಿರೋ ಕೆಲಸ ಅದು ಮಾಡುತ್ತೆ."

ನಾನು ಓದಿದ್ದು ಮೂರನೇ ಕ್ಲಾಸು. ಎಣ್ಣೆ ದೀಪ ಉರಿಸುತ್ತದೆ, ವಡೆ ಕರಿಯುತ್ತದೆ, ತಲೆ ತಂಪು ಮಾಡುತ್ತದೆ. ಗೇರು ಹಾಕುತ್ತದೆ ಎಂದರೆ ಹೇಗೆ? ಅರ್ಥವಾದವಳ ಹಾಗೆ ತಲೆಯಾಡಿಸಿದೆ.

ಆ ವರ್ಷದ ಆಯುಧಪೂಜೆಗೆ ತಕ್ಕಡಿ, ಸ್ಕೂಟರು, ಕಾರು ಎಲ್ಲಕ್ಕೂ ನಾನೇ ಮುಂದೆ ನಿಂತು ಪೂಜೆ ಮಾಡಿದೆ. ಕುಂಕುಮ ಉದುರದಿರಲಿ ಎಂದು ಎಣ್ಣೆಯಲ್ಲಿ ಕಲಸಿ ಬಾನೆಟ್ಟಿಗೆ ದೊಡ್ಡ ಬೊಟ್ಟಿಟ್ಟೆ. ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ ಕೊಟ್ಟೆ. ಮಗ ಅದನ್ನು ಕಾರಿಗೆ ನಿವಾಳಿಸಿ ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೇ ಒಡೆದ. ಕಲ್ಲೆಲ್ಲ ಕೆಂಪಾಯಿತು.

ಮಾರನೆಯ ದಿನ ತೊಳೆದೆ, ಹೋಯಿತು. ಆದರೆ ಅದರ ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಮತ್ತೆ ಕೆಂಪು! ಕಾರಿನ ಅಡಿಯಲ್ಲಿ, ಒಂದು ಬೊಟ್ಟಿನಷ್ಟು. ತೊಳೆದೆ. ಮರುದಿನ ಮತ್ತೆ ಬಂತು, ಮೊದಲಿಗಿಂತ ಅಗಲವಾಗಿ. ಮುಟ್ಟಿದರೆ ಜಿಡ್ಡು ಜಿಡ್ಡು. ಸೊಸೆಯನ್ನು ಕರೆದು ತೋರಿಸಿದೆ.

"ನೀವೇ ತಾನೆ ಅತ್ತೆ ಎಣ್ಣೇಲಿ ಕಲಸಿದ್ದು? ಕಲ್ಲು ಹೀರ್ಕೊಂಡಿದೆ. ಇನ್ನೇನು, ದಿನಾ ಉಗುಳ್ತಾ ಇರುತ್ತೆ" ಎಂದಳು.

ಸೊಸೆಗೆ ಅದು ಕಲೆ. ನನಗೆ ಹಾಗೆ ಕಾಣಲಿಲ್ಲ. ಹಬ್ಬ ಕಳೆದರೂ ಕುಂಕುಮ ತಾನಾಗಿ ಮೂಡಿ ಬರುತ್ತಿದೆ ಎಂದರೆ ತಾಯಿ ಒಲಿದಿದ್ದಾಳೆ ಎಂದೇ ಅರ್ಥ ಮಾಡಿಕೊಂಡೆ. ದಿನಾ ಬೆಳಿಗ್ಗೆ ಬಗ್ಗಿ ನೋಡಿ, ಕೈಮುಗಿದು, ಸೋಪಿನಪುಡಿ ಹಾಕಿ ಉಜ್ಜಿ ತೊಳೆದು, ಅದರ ಪಕ್ಕದಲ್ಲೇ ರಂಗೋಲಿ ಬಿಡುತ್ತಿದ್ದೆ. ಮೊಮ್ಮಗಳು ಏಳುವ ಹೊತ್ತಿಗೆ ಕಲ್ಲು ಲಕಲಕ ಎನ್ನುತ್ತಿತ್ತು.

ಸೋಮವಾರ ಟೆಸ್ಟು. ಹಿಂದಿನ ಶನಿವಾರ ಸಂಜೆ ಮೊಮ್ಮಗಳು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಸ್ಟಾರ್ಟ್ ಮಾಡಿದಳು. ಇಂಜಿನ್ನು ಗುರ್ ಎಂದಿತು, ಇನ್ನೂ ಜೋರಾಗಿ ಗುರ್ ಎಂದಿತು. ಕಾರು ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮೂಲೆಯ ಗ್ಯಾರೇಜಿನವನು ಬಂದು ಕಿಟಕಿಯಿಂದ ಒಳಗೆ ಇಣುಕಿ ಎರಡು ಹೆಜ್ಜೆ ಹಿಂದೆ ಸರಿದ.

"ಅಣ್ಣಾ, ಇದು ನಮ್ ಲೈನಲ್ಲ. ಕ್ಲಚ್ಚಿಲ್ದಿರೋ ಗಾಡಿ ಬಿಚ್ಚಿದ್ರೆ ಆಮೇಲೆ ಕೂಡ್ಸೋಕೆ ಬರಲ್ಲ. ಗೇರ್‌ಬಾಕ್ಸೇ ಹೋಗಿರ್ಬೇಕು."

ಮಗ ಹೋಗಿ ಜಗಲಿಯ ಮೇಲೆ ಕೂತ. "ಪುಟ್ಟ, ಇದಾಗೋ ಹೋಗೋ ಕೆಲಸ ಅಲ್ಲ. ಯಾರಿಗಾದ್ರೂ ಕೊಟ್ಬಿಡೋಣ ಗಾಡೀನ" ಎಂದ.

"ಕೊಟ್ಟು?"

"ನಾನಿಲ್ವಾ ಬಿಡಕ್ಕೆ?"

"ಮಲ್ಲೇಶ್ವರಕ್ಕೂ?"

ಮಗ ಚಪ್ಪಲಿ ನೋಡಿಕೊಂಡ. ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವಳು ಅಳಲಿಲ್ಲ. "ಆ ಗೇರಿನ ಎಣ್ಣೆ ಹಳೇದಾಗಿದೆ, ಬದಲಾಯಿಸ್ಬೇಕು ಅಂತ ಹೊಸದು ತಂದಿಟ್ಟಿದೀವಲ್ಲ. ನಾಳೆ ಅದನ್ನ ಮಾಡಿ ನೋಡಣ. ಆಗ್ಲೂ ಹೋಗ್ಲಿಲ್ಲ ಅಂದ್ರೆ ನೀನು ಹೇಳಿದ ಹಾಗೆ ಕೊಟ್ಬಿಡು. ಮಲ್ಲೇಶ್ವರದವರಿಗೆ ನಾನೇ ಬರಲ್ಲ ಅಂತೀನಿ" ಎಂದಳು. ಹೇಗೆ ಬದಲಾಯಿಸಬೇಕೆಂದು ಕಾರು ಕೊಟ್ಟ ಡಾಕ್ಟರು ಅವಳಿಗೆ ಬಿಡಿಸಿ ಹೇಳಿದ್ದರಂತೆ.

ಭಾನುವಾರ ಬೆಳಿಗ್ಗೆ ಮಗ ಜಾಕ್ ಕೊಟ್ಟು ಕಾರಿನ ಮೂತಿ ಎತ್ತಿ, ಮನೆ ಕಟ್ಟಿದಾಗ ಉಳಿದಿದ್ದ ಸೈಜುಗಲ್ಲುಗಳನ್ನು ಮುಂದಿನ ಎರಡೂ ಚಕ್ರದ ಕೆಳಗೆ ಇಟ್ಟು, ಹಿಂದಿನ ಚಕ್ರಗಳಿಗೂ ಕಲ್ಲು ಕೊಟ್ಟು ಕೆಳಗೆ ತೂರಿದ. ಮೊಮ್ಮಗಳು ಮಣೆಯ ಮೇಲೆ ಕೂತು ಬಗ್ಗಿ ಹೇಳಿಕೊಡುತ್ತಿದ್ದಳು. ಹಳೆ ಎಣ್ಣೆ ಹಿಡಿಯಲು ಪಾತ್ರೆ ಬೇಕೆಂದ. ನಾನು ಅಡುಗೆಮನೆಗೆ ಹೋಗಿ ಕಾರಿನಡಿ ನುಗ್ಗುವಂಥ ಅಗಲವಾದ ಬೋಗುಣಿ ತಂದುಕೊಟ್ಟೆ.

"ಅಯ್ಯೋ, ಅದು ಪಾಯಸದ ಬೋಗುಣಿ! ನಮ್ಮಮ್ಮ ಕೊಟ್ಟಿದ್ದು!" ಸೊಸೆ ಓಡಿ ಬಂದಳು. ಅಷ್ಟರಲ್ಲಿ ಬೋಲ್ಟು ಬಿಚ್ಚಿಯಾಗಿತ್ತು. ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಗೆ ಎಣ್ಣೆ ಸುರಿಯಿತು. ಸೊಸೆ ಸೊಂಟದ ಮೇಲೆ ಕೈಯಿಟ್ಟು, "ಬಿಡಿ, ಇನ್ನದಕ್ಕೆ ಪಾಯಸದ ಋಣ ತೀರ್ತು" ಎಂದಳು.

ಎಣ್ಣೆ ಬೇಗ ನಿಂತಿತು. ಬೋಗುಣಿಯ ತಳ ಮುಚ್ಚಿತ್ತು, ಅಷ್ಟೆ.

"ಇಷ್ಟೇನಾ?" ಎಂದಳು ಮೊಮ್ಮಗಳು. "ಪೂರ್ತಿ ಬರಲ್ಲ, ಅರ್ಧ ಒಳಗೇ ಇರುತ್ತೆ ಅಂದಿದ್ರು ಡಾಕ್ಟರು. ಆದ್ರೂ ಇದು ತೀರಾ ಕಮ್ಮಿ ಆಯ್ತಲ್ಲಪ್ಪ."

"ಮಿಕ್ಕಿದ್ದು ಎಲ್ಲಿ ಹೋಗುತ್ತೆ? ಕುಡ್ಕೊಂಡಿದೆ ಗಾಡಿ. ಒಳಗೆ ಸುಟ್ಟುಹೋಗಿದೆ. ನಾನು ಹೇಳ್ಲಿಲ್ವಾ?" ಎನ್ನುತ್ತಾ ಮಗ ಬೇಜಾರಿನಲ್ಲಿ ಬೋಗುಣಿ ಎಳೆದ. ಅದು ಕಲ್ಲಿಗೆ ತಗುಲಿ ಸ್ವಲ್ಪ ಎಣ್ಣೆ ಚಪ್ಪಡಿಯ ಮೇಲೆ ಚೆಲ್ಲಿತು.

ಬೋಗುಣಿಯಲ್ಲಿ ಡಿಕಾಕ್ಷನ್ನಿನ ಹಾಗಿದ್ದದ್ದು ಕಲ್ಲಿನ ಮೇಲೆ ತೆಳ್ಳಗೆ ಹರಡಿದ ಕೂಡಲೇ ಕೆಂಪಾಯಿತು. ನಾನು ನೋಡಿದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ನನ್ನ ಕೈಗಳು ತಾವಾಗಿ ಮುಗಿದುಕೊಂಡವು.

"ಇದ್ಯಾಕಮ್ಮ ಕೈಮುಗೀತಿದೀಯ?" ಎಂದ ಮಗ.

"ಕುಂಕುಮ ಕಣೋ! ನಮ್ ಕುಂಕುಮ!"

"ಯಾವ ಕುಂಕುಮ?"

"ದಿನಾ ಬೆಳಿಗ್ಗೆ ಬರುತ್ತಲ್ಲ ಇಲ್ಲಿ, ಕಾರ್ ಕೆಳಗೆ. ಕುಂಬಳಕಾಯಿ ಒಡೆದಾಗಿಂದ. ನಾನು ತೊಳೀತಿರ್ತೀನಿ, ಅದು ಬರ್ತಿರುತ್ತೆ."

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಹೆದರಿಕೆಯಾಯಿತು. ದೇವರ ವಿಷಯ ಬಾಯಿಬಿಟ್ಟು ಹೇಳಬಾರದಿತ್ತೇನೋ ಎಂದುಕೊಂಡೆ. ಮೊಮ್ಮಗಳು ಕೇಳಿದಳು, "ಅಜ್ಜಿ, ದಿನಾ ಬರ್ತಿತ್ತಾ? ಒಂದೇ ಜಾಗದಲ್ಲಾ?" ನಾನು ಬೆರಳು ತೋರಿಸಿದೆ. ಮಗ ಮತ್ತೆ ಕಾರಿನಡಿ ತೂರಿ, ನಾನು ತೋರಿಸಿದ ಜಾಗದ ನೇರಕ್ಕೆ ಮೇಲೆ ನೋಡಿದ. ಅವನು ಬಿಚ್ಚಿದ್ದ ಬೋಲ್ಟಿನ ತೂತೇ ಅಲ್ಲಿತ್ತು. ಸುತ್ತ ಹಸಿ ಜಿಡ್ಡಿಗೆ ಧೂಳು ಮೆತ್ತಿತ್ತು.

ಕಾರಿನಡಿಯಿಂದ ನಗು ಕೇಳಿಸಿತು. ಮಲಗಿದಲ್ಲೇ ನಗುತ್ತಿದ್ದ. "ಗೇರ್‌ಬಾಕ್ಸ್ ಹೋಗಿಲ್ಲ ಕಣೇ ಪುಟ್ಟ! ಎಣ್ಣೆ ಸೋರಿ ಸೋರಿ ಖಾಲಿಯಾಗಿದೆ! ನಿಮ್ಮಜ್ಜಿ ಅದಕ್ಕೆ ರಂಗೋಲಿ ಬಿಡ್ತಿದ್ದಾಳೆ!"

"ಅಜ್ಜಿ, ನನ್ ಎಡಗಾಲನ್ನ ದಿನಾ ಚರಂಡಿಗೆ ತೊಳೀತಿದ್ಯಲ್ಲೇ!" ಎಂದು ಮೊಮ್ಮಗಳು ನನ್ನ ಸೀರೆಯ ಸೆರಗು ಹಿಡಿದು ನಕ್ಕಳು. ಸೊಸೆಯಂತೂ ನಗು ತಡೆಯಲಾಗದೆ ಕೂತುಬಿಟ್ಟಳು. ನೀನೂ ಕಲ್ಲು ಉಗುಳುತ್ತದೆ ಎಂದೆಯಲ್ಲ ಎಂದು ನಾನು ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಬಯ್ಯುತ್ತಾರೋ ಹೊಗಳುತ್ತಾರೋ ನನಗಂತೂ ಗೊತ್ತಾಗಲಿಲ್ಲ. ಎಲ್ಲರೂ ನಗುತ್ತಿದ್ದರಲ್ಲ, ನಾನೂ ನಕ್ಕೆ.

ಆದರೆ ಬೋಲ್ಟಿಗೆ ಹಾಕುವ ಹಳೆ ವಾಷರ್ ಸವೆದು ಹಾಳೆಯಂತಾಗಿತ್ತು. ಅದನ್ನೇ ಹಾಕಿದರೆ ಮತ್ತೆ ಸೋರುತ್ತದೆ. ಅಂಗಡಿಯವನು ಎಣ್ಣೆಯ ಜೊತೆ ಹೊಸದೊಂದು ಕೊಟ್ಟಿದ್ದನಂತೆ, ತಾಮ್ರದ್ದು. ಚೀಲ ಕೊಡವಿದರು, ಸ್ಕೂಟರಿನ ಡಿಕ್ಕಿ ಹುಡುಕಿದರು. ಇಲ್ಲ. ಭಾನುವಾರ, ಅಂಗಡಿ ಮುಚ್ಚಿದೆ. ಮಗನ ಮುಖ ಮತ್ತೆ ಬಾಡಿತು.

"ಹೇಗಿರುತ್ತೆ ಅದು?" ಎಂದೆ.

"ಉಂಗುರದ ಹಾಗೆ ಅಜ್ಜಿ. ಚಪ್ಪಟೆ. ಹೊಳೀತಿರುತ್ತೆ."

ನಾನು ಒಳಗೆ ಹೋಗಿ ದೇವರ ಗೂಡಿನಿಂದ ಅದನ್ನು ತಂದೆ. ಹಜಾರದಲ್ಲಿ ಬಿದ್ದಿತ್ತು, ದೀಪದ ಕಂಬದ ಯಾವುದೋ ಬಿಲ್ಲೆ ಕಳಚಿದೆಯೆಂದು ಎತ್ತಿಟ್ಟು ಅರಿಶಿನ ಕುಂಕುಮ ಹಚ್ಚಿದ್ದೆ. ಮೊಮ್ಮಗಳು ಅದನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಅಪ್ಪನಿಗೆ ಕೊಟ್ಟಳು. "ಇನ್ನೇನೇನಿದೆ ಅಮ್ಮ ನಿನ್ನ ದೇವರ ಹತ್ರ? ಸ್ಟೆಪ್ನಿ ಇದ್ಯಾ?" ಎಂದ ಅವನು.

ಬೋಲ್ಟು ಬಿಗಿದು, ಕಲ್ಲು ತೆಗೆದು ಕಾರನ್ನು ಸಮವಾಗಿ ಇಳಿಸಿದರು. ಹೊಸ ಎಣ್ಣೆ ಗುಲಾಬಿ ಶರಬತ್ತಿನ ಹಾಗಿತ್ತು. ಕೊಳೆ ಒಂದು ಚೂರೂ ಸೇರಬಾರದೆಂದು ಮೊಮ್ಮಗಳು ಲಾಳಿಕೆಯನ್ನು ತೊಳೆಸಿ, ಬಿಸಿಲಿನಲ್ಲಿ ಒಣಗಿಸಿ, ಅದಕ್ಕೆ ಪೈಪು ಸಿಕ್ಕಿಸಿ ಮೇಲಿನಿಂದ ಸ್ವಲ್ಪಸ್ವಲ್ಪವೇ ಹಾಕಿಸಿದಳು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಬ್ರೇಕು ಒತ್ತಿಕೊಂಡು ಗೇರಿನ ಹಿಡಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಒಂದೊಂದೇ ಮನೆ ಸರಿಸಿದಳು. ಇಂಜಿನ್ನು ಬಿಸಿಯಾಗಿ ಓಡುತ್ತಿರುವಾಗಲೇ ಕಡ್ಡಿ ಅದ್ದಿ ಎಣ್ಣೆ ನೋಡಬೇಕಂತೆ. ನಿಲ್ಲಿಸಿ ನೋಡಿದರೆ ಸುಳ್ಳು ಅಳತೆ ತೋರಿಸುತ್ತದಂತೆ. ಒಲೆ ಆರಿಸಿದ ಮೇಲೆ ಪಾತ್ರೆಯಲ್ಲಿ ಎಷ್ಟಿದೆಯೋ ಅಷ್ಟೇ ತಾನೆ ಇರುವುದು? ಕೇಳಿದೆ. "ಆಮೇಲೆ ಹೇಳ್ತೀನಿ ಅಜ್ಜಿ" ಎಂದಳು. ಹೇಳಿದಳು ಕೂಡ. ಇಂದಿಗೂ ಅರ್ಥವಾಗಿಲ್ಲ.

ಮಗ ಕಡ್ಡಿ ನೋಡಿ ತಲೆಯಾಡಿಸಿದ. ಮೊಮ್ಮಗಳು ಬ್ರೇಕಿನಿಂದ ಕಾಲು ತೆಗೆದಳು. ಕಾರು ಸದ್ದಿಲ್ಲದೆ ಜರುಗಿತು, ನನ್ನ ರಂಗೋಲಿಯ ಮೇಲೇ. ಬೀದಿಯ ಕೊನೆಗೆ ಹೋಗಿ, ತಿರುಗಿಸಿಕೊಂಡು, ನಮ್ಮ ಮುಂದೆ ಬಂದು ಹಾರ್ನ್ ಹೊಡೆದಳು.

ಸೋಮವಾರ ಕತ್ತಲು ಹರಿಯುವಾಗಲೇ ಎದ್ದು ಕಾರಿನಡಿ ಬಗ್ಗಿ ನೋಡಿದೆ. ಕಲ್ಲು ಒಣಗಿತ್ತು. ಒಂದು ಚುಕ್ಕೆಯೂ ಇಲ್ಲ. ಸಂತೋಷಪಡಬೇಕೋ ಬೇಡವೋ ಎಂದು ಒಂದು ಗಳಿಗೆ ತೋಚಲಿಲ್ಲ. ಆಮೇಲೆ ಒಣಗಲ್ಲಿಗೇ ಕೈಮುಗಿದೆ. ಅಪ್ಪ ಮಗಳು ಹೊರಟರು. ಮಧ್ಯಾಹ್ನ ಫೋನು ಬಂತು. ಅದನ್ನು ಮೊದಲೇ ಹೇಳಿದ್ದೇನೆ.

ಸಂಜೆ ನಾಲ್ವರೂ ಹಜಾರದಲ್ಲಿ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಬಸ್ಸಾರು, ಹಪ್ಪಳ. ಬೋಗುಣಿ ಹೋಯಿತಲ್ಲ, ಸೊಸೆ ಪಾಯಸವನ್ನು ಕುಕ್ಕರಿನಲ್ಲೇ ಮಾಡಿ ಕುಕ್ಕರನ್ನೇ ನಡುವೆ ತಂದಿಟ್ಟಳು. ಮಗ ಮುದ್ದೆ ಮುರಿಯುತ್ತಾ ದಿನದ ಅಭ್ಯಾಸದಂತೆ ಕೇಳಿದ, "ಪುಟ್ಟ, ನಾಳೆ ಎಷ್ಟೊತ್ತಿಗೆ ಬಿಡ್ಲಿ?"

ಕೇಳಿದ ಮೇಲೆ ಅವನಿಗೇ ಹೊಳೆದು ಕೈ ತಟ್ಟೆಯಲ್ಲೇ ನಿಂತಿತು.

"ನೀನು ಹೇಳಪ್ಪ," ಎಂದಳು ಅವಳು, "ನಿನ್ನ ಮಾರ್ಕೆಟ್ಟಿಗೆ ಎಷ್ಟೊತ್ತಿಗೆ ಬಿಡ್ಲಿ?"

"ಬೆಳಿಗ್ಗೆ ನಾಲ್ಕಕ್ಕೆ."

"ಅಯ್ಯೋ, ಹಾಗಾದ್ರೆ ಸ್ಕೂಟರಲ್ಲೇ ಹೋಗು."

ಅವನು ಜೋರಾಗಿ ನಕ್ಕ, ನಗುತ್ತಲೇ ಎಡಗೈಯಿಂದ ಕಣ್ಣೊರೆಸಿಕೊಂಡ. ಸಾರು ಖಾರವಾಯಿತಾ ಎಂದು ಸೊಸೆ ಕೇಳಿದಳು. ನಾನು ಕುಕ್ಕರನ್ನು ನನ್ನ ಕಡೆ ಎಳೆದುಕೊಂಡು ಮೊಮ್ಮಗಳಿಗೆ ಮೊದಲು ಬಡಿಸಿದೆ.